ಕೂಟದಲ್ಲಿ ನಾನು ಹೇಳಿದ ಸಾಕ್ಷಿ

ನನ್ನ ಗಂಡ ತೀರಿಕೊಂಡ ನಲವತ್ತನೆಯ ದಿನ ಗೋಥೆನ್‌ಬರ್ಗ್‌ನ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ ಸೇರಿತು. ಈ ಕೂಟದಲ್ಲಿ ಒಂದು ರೂಢಿಯಿದೆ: ಯಾರ ವಿಷಯದಲ್ಲಿ ಪ್ರವಾದನೆ, ಅಂದರೆ ಮುಂದಾಗುವುದರ ಬಗ್ಗೆ ದೇವರ ಮಾತು, ನುಡಿದಿದ್ದಾರೋ ಆ ಮನೆಯವರು ಎದ್ದು, ಅದು ನೆರವೇರಿತೆಂದು ಸಾಕ್ಷಿ ಹೇಳಬೇಕು. ನೆರವೇರದಿದ್ದರೆ ಏನು ಮಾಡಬೇಕೆಂಬುದಕ್ಕೆ ರೂಢಿಯಿಲ್ಲ.

ಫೆಬ್ರವರಿಯಲ್ಲಿ ಕೂಟ ನಡೆಸುವ ಹಿರಿಯರು ಆಸ್ಪತ್ರೆಗೆ ಬಂದು ನನ್ನ ಗಂಡನ ತಲೆಯ ಮೇಲೆ ಕೈಯಿಟ್ಟು, "ಈಸ್ಟರ್ ಹೊತ್ತಿಗೆ ಎದ್ದು ಓಡಾಡ್ತೀರಾ ಬ್ರದರ್, ದೇವರು ತೋರಿಸಿದಾನೆ" ಎಂದಿದ್ದರು. ಗಂಡ ನಕ್ಕರು. ನಾನು ನಂಬಿದೆ.

ಗಂಡ ಆಗ ಓದುತ್ತಿದ್ದದ್ದು ರೋಮನ್ನರ ಕಾಲದ ಯೆಹೂದಿ ಇತಿಹಾಸಕಾರನೊಬ್ಬನ ದಪ್ಪ ಪುಸ್ತಕ. ಪಿಯುಸಿಗೆ ಓದು ನಿಲ್ಲಿಸಿದ ನನಗೆ ಬಿಡಿಸಿ ಹೇಳುತ್ತಿದ್ದರು. ಬೈಬಲ್‌ನಲ್ಲಿ ಒಬ್ಬ ರಾಜನ ಕನಸಿದೆ. ಲೋಹದ ದೊಡ್ಡ ಪ್ರತಿಮೆಯನ್ನು ಒಂದು ಕಲ್ಲು ಬಂದು ಪುಡಿಮಾಡುತ್ತದೆ. ಪ್ರತಿಮೆಯೆಂದರೆ ಸಾಮ್ರಾಜ್ಯಗಳು, ಕಲ್ಲೆಂದರೆ ಅವನ್ನೆಲ್ಲ ಮುಗಿಸುವ ದೇವರ ರಾಜ್ಯ.

"ಈ ಇತಿಹಾಸಕಾರ ಕನಸೆಲ್ಲ ಬರ್ದಿದ್ದಾನೆ ಮಾರಾಯ್ತಿ, ಕಲ್ಲಿನ ಅರ್ಥ ಮಾತ್ರ ಬಿಟ್ಟಿದ್ದಾನೆ. ಆಗಿ ಹೋದದ್ದು ಬರೆಯುವುದು ತನ್ನ ಕೆಲಸವಂತೆ, ಮುಂದಿನದ್ದಲ್ಲವಂತೆ."

"ಯಾಕೆ?"

"ಓದುವವರು ಯಾರು? ರೋಮಿನವರು. ಕಲ್ಲು ಬೀಳ್ಲಿಕ್ಕಿರುವುದು ಅವರ ತಲೆಗೇ. ಅವರ ಅನ್ನ ತಿಂದು ಅದನ್ನು ಬರಿಲಿಕ್ಕೆ ಆಗ್ತದಾ?"

ಈಸ್ಟರ್‌ಗೆ ಒಂಬತ್ತು ದಿನ ಮೊದಲು ನನ್ನ ಗಂಡ ಹೋದರು.

ನಲವತ್ತನೆಯ ದಿನ ಹಿರಿಯರು ಏಲಕ್ಕಿ ಬನ್ ಮುರಿಯುತ್ತಾ ಹೇಳಿದರು, "ಓಡಾಡ್ತಾರೆ ಅಂದಿದ್ದೆ. ಓಡಾಡ್ತಿದಾರೆ, ಪರಲೋಕದಲ್ಲಿ! ನುಡಿದಿದ್ದು ನೆರವೇರ್ತು." ಎಲ್ಲರೂ ತಲೆಯಾಡಿಸಿದರು.

ಆ ಇತಿಹಾಸಕಾರನಿಗಾದರೂ ಚಕ್ರವರ್ತಿಯ ಭಯವಿತ್ತು. ನಮ್ಮ ಹಿರಿಯರ ಮುಂದಿದ್ದದ್ದು ಹನ್ನೆರಡು ಜನ, ಒಂದು ಕಾಫಿ ಫ್ಲಾಸ್ಕ್. ಅವನು ಬಾಯಿ ಮುಚ್ಚಿಕೊಂಡು, ಬೇಕಾದವರು ಬೈಬಲ್‌ನ ಮೂಲವನ್ನೇ ಓದಿಕೊಳ್ಳಲಿ ಎಂದು ಬಿಟ್ಟ. ಇವರು ತಾವು ನುಡಿದ ಮೂಲವನ್ನೇ ತಿದ್ದಿದರು, ಅದೂ ಅದನ್ನು ಕಿವಿಯಾರೆ ಕೇಳಿದವಳ ಎದುರಿಗೆ.

"ಸಿಸ್ಟರ್, ಸಾಕ್ಷಿ ಹೇಳಿ. ಒಂದೇ ಮಾತು ಸಾಕು" ಎಂದು ಹಿರಿಯರು ನನ್ನತ್ತ ತಿರುಗಿದರು.

ನಲವತ್ತು ದಿನವೂ ನನಗೆ ಊಟ ತಂದುಕೊಟ್ಟವರು ಇದೇ ಜನ. ಈ ಊರಿನಲ್ಲಿ ನನ್ನೊಡನೆ ಕನ್ನಡ ಮಾತಾಡುವವರೂ ಇವರೇ. ನೆರವೇರಿತು ಎಂದಿದ್ದರೆ ಇವರೆಲ್ಲ ನನಗೆ ಉಳಿಯುತ್ತಿದ್ದರು, ಆದರೆ ನನ್ನ ಗಂಡನ ಸಾವು ಹಿರಿಯರ ಗೆಲುವಾಗುತ್ತಿತ್ತು.

ಎದ್ದೆ.

"ಈಸ್ಟರ್‌ಗೆ ಎದ್ದು ಓಡಾಡ್ತಾರೆ ಅಂದ್ರಿ. ನಾನು ನಂಬಿದೆ. ಅತ್ತೆ ಊರಿಂದ ಬರ್ತೇನೆ ಅಂದ್ರು. ಈಗ ಬೇಡ, ಅವರು ಎದ್ದ ಮೇಲೆ ಬನ್ನಿ ಅಂದೆ. ಅತ್ತೆಗೆ ಮಗನ ಮುಖ ನೋಡ್ಲಿಕ್ಕೆ ಸಿಗ್ಲಿಲ್ಲ. ಇದೇ ನನ್ನ ಸಾಕ್ಷಿ."

ಹಿರಿಯರು ಕೂಟದ ಮುಕ್ತಾಯದ ಪ್ರಾರ್ಥನೆಯನ್ನು ಚುಟುಕಾಗಿ ಮುಗಿಸಿದರು. ಮುಂದಿನ ಶನಿವಾರ ಕೂಟ ಯಾರದೋ ಮನೆಯಲ್ಲಿ ನಡೆಯಿತು. ಎಲ್ಲೆಂದು ನನಗೆ ಯಾರೂ ತಿಳಿಸಲಿಲ್ಲ.