ಮುಟ್ಟಿದವರೇ ಹೇಳಬೇಕು

ಓರೆಸ್ಟ್ ನಾಟ್ಯುಕ್ ಒಂದು ಕಡೆ ಕೂತಿದ್ದನ್ನು ಕಂಡವರು ನಮ್ಮ ಊರಲ್ಲಿ ಕಡಿಮೆ. ಹಗಲೆಲ್ಲ ಗೋಧಿ ಗೋದಾಮಿನಲ್ಲಿ ದುಡಿಯುತ್ತಿದ್ದ. ಸಂಜೆ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದ ಅಂಗಳಕ್ಕೆ ಬಂದರೆ ಅಲ್ಲೂ ಅಳತೆ ಕೋಲು ಹಿಡಿದು ಶತಪಥ. ಎರಡು ತಂಡದ ಕಲ್ಲುಗಳಲ್ಲಿ ಯಾವುದು ನಡುವಿನ ಗುರುತಿಗೆ ಹತ್ತಿರ ಎಂದು ಜಗಳ ಎದ್ದರೆ, "ಓರೆಸ್ಟ್‌ನ ಕರೀರಿ" ಎನ್ನುತ್ತಿದ್ದರು. ಅವನು ಹೇಳಿದ ಮೇಲೆ ಮುಗಿಯಿತು.

ಈ ಮರ್ಯಾದೆ ಬಿಟ್ಟಿ ಬಂದದ್ದಲ್ಲ. ನಮ್ಮಲ್ಲಿ ಊರಾಟಕ್ಕೆ ಅಂಪೈರ್ ಇರುವುದಿಲ್ಲ. ಜಾರುವ ಕಲ್ಲು ದೂರ ಹೋಗಲೆಂದು ಅದರ ಮುಂದೆ ಮಂಜುಗಡ್ಡೆ ಉಜ್ಜುತ್ತ ಓಡುವವರ ಪೊರಕೆ ಕಲ್ಲಿಗೆ ತಗುಲಿದರೆ, ಅವರೇ ಕೈಯೆತ್ತಿ ಹೇಳಿ ಕಲ್ಲನ್ನು ಹೊರಗೆ ಸರಿಸಬೇಕು. ಹರೆಯದಲ್ಲಿ ಓರೆಸ್ಟ್ ಹಾಗೆ ಹೇಳಿ ಗೆಲ್ಲುವ ಆಟ ಸೋತಿದ್ದ. ಅಂದಿನಿಂದ ಅವನು ಊರಿಗೆ ಸತ್ಯಹರಿಶ್ಚಂದ್ರ.

ಹನ್ನೆರಡು ವರ್ಷದ ಹಿಂದಿನ ಫೈನಲ್‌ನಲ್ಲಿ ಕೊನೆಯ ಕಲ್ಲಿಗೆ ಅವನ ಪೊರಕೆ ತಗುಲಿತು. ಕೂದಲೆಳೆಯಷ್ಟು. ಕೈ ಏಳಲೇ ಇಲ್ಲ. ಎದುರು ತಂಡದ ನಾಯಕಿ ಥೆಲ್ಮಾ ಗುಡ್ಮನ್‌ಸನ್ ಸೋತಳು. ಗೆದ್ದವರು ಸೋತವರಿಗೆ ಕುಡಿಸುವುದು ನಮ್ಮ ಪದ್ಧತಿ. ಅವನು ತಂದಿಟ್ಟ ವಿಸ್ಕಿಯನ್ನು ಅವಳು ಮುಟ್ಟದೆ ಎದ್ದು ಹೋದಳು. ಅವತ್ತಿನಿಂದ ಓರೆಸ್ಟ್ ಅವಳ ಕಣ್ಣು ತಪ್ಪಿಸತೊಡಗಿದ. ಅವಳು ಬಂದರೆ ಇವನು ಕಲ್ಲು ಒರೆಸಲು ಹೋಗುತ್ತಿದ್ದ. ಒರೆಸಿದ ಕಲ್ಲನ್ನೇ ಮತ್ತೆ ಒರೆಸುತ್ತಿದ್ದ.

ಈ ಫೆಬ್ರವರಿಯಲ್ಲಿ ಒಂದು ಸಂಜೆ ಥೆಲ್ಮಾ ತಂಡದ ಎದುರು ಆಡುತ್ತಿದ್ದ ಗ್ಲೆನ್ ರಂಪ ತೆಗೆದ. ಗ್ಲೆನ್ ಅಂದರೆ ಟ್ರಾಕ್ಟರ್ ರಿಪೇರಿಯವನು, ಬಾಯಿಗೆ ಬೀಗವಿಲ್ಲದ ಮನುಷ್ಯ.

"ಥೆಲ್ಮಾ, ನಿನ್ ಪೊರಕೆ ತಾಗ್ತು. ಕಲ್ಲು ತೆಗಿ."

"ತಾಗಿಲ್ಲ ಕಣೋ. ತಾಗಿದ್ರೆ ನಾನೇ ಹೇಳ್ತಿದ್ದೆ."

"ಹೇಳೋಕೆ ನೀನೇನು ಓರೆಸ್ಟಾ? ಓರೆಸ್ಟ್, ನೀನೇ ಹೇಳಪ್ಪಾ. ಮುಟ್ಟಿ ಮುಚ್ಚಿಟ್ಕೊಂಡೋರನ್ನ ಕಳ್ಳರು ಅನ್ನಬೇಕೋ ಬೇಡ್ವೋ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಓರೆಸ್ಟ್‌ನ ಕಿವಿ ಕೆಂಪಾಯಿತು. ಸುಮ್ಮನೆ "ಅವಳ ಮಾತು ನಂಬು" ಅಂದಿದ್ದರೆ ಸಾಕಿತ್ತು, ಅವನ ಹೆಸರು ಉಳಿಯುತ್ತಿತ್ತು. ಆದರೆ ಆ ಮಾತು ಹೇಳುವ ಬಾಯಿ ತನ್ನದಲ್ಲ ಅನ್ನಿಸಿ ಅವನಿಗೆ ಅಳುವೇ ಬಂತು.

"ಆ ಫೈನಲ್‌ನಲ್ಲಿ ನನ್ ಪೊರಕೆ ತಾಗಿತ್ತು," ಅಂದ. "ಕೊನೇ ಕಲ್ಲಿಗೆ. ನಾನು ಹೇಳ್ಲಿಲ್ಲ."

ಗ್ಲೆನ್ ಅವನ ಕೈಯಿಂದ ಅಳತೆ ಕೋಲು ತೆಗೆದುಕೊಂಡು ಗೂಟಕ್ಕೆ ನೇತುಹಾಕಿದ. ಯಾರೂ ಬೇಡ ಅನ್ನಲಿಲ್ಲ. ಓರೆಸ್ಟ್ ಕೋಟು ಹುಡುಕಿದ, ಟೋಪಿ ಮರೆತ, ಬಾಗಿಲಿಗೆ ಹೋಗಿ ವಾಪಸು ಬಂದ.

"ಓರೆಸ್ಟ್, ಬಾ ಇಲ್ಲಿ." ಆಟ ಬಿಟ್ಟು ಥೆಲ್ಮಾ ಮೇಜಿನ ಹತ್ತಿರ ನಿಂತಿದ್ದಳು. ಎದುರಿಗೆ ವಿಸ್ಕಿ ತುಂಬಿದ ಒಂದೇ ಗ್ಲಾಸು.

ಅಚ್ಚರಿಯಿಲ್ಲದ ಅವಳ ಮುಖ ನೋಡಿ ಓರೆಸ್ಟ್ ಕೇಳಿದ, "ತಾಗಿದ್ದು ನಿಂಗೆ ಗೊತ್ತಿತ್ತಾ?"

"ಹತ್ತಡಿ ದೂರದಲ್ಲಿ ನಿಂತಿದ್ದೆ ಕಣಯ್ಯಾ. ಕಣ್ಣು ಕುರುಡಾಗಿತ್ತಾ ನಂಗೆ?"

"ಮತ್ಯಾಕೆ ಹೇಳ್ಲಿಲ್ಲ?"

"ಮುಟ್ಟಿದ್ದು ನಾನಲ್ವಲ್ಲ." ಅವಳು ಗ್ಲಾಸನ್ನು ಅವನ ಕಡೆ ತಳ್ಳಿದಳು. "ಕೂತ್ಕೊ. ಆ ಫೈನಲ್ ಗೆದ್ದಿದ್ದು ನಾನು ತಾನೆ? ಗೆದ್ದೋರು ಸೋತೋರಿಗೆ ಕುಡಿಸ್ಬೇಕು."

ಓರೆಸ್ಟ್ ಕೂತ.