ಚರಗಕ್ಕೆ ಹೋದ ರೊಟ್ಟಿ

ಮೊಣಕಾಲು ಕೈಕೊಟ್ಟ ಮೇಲೆ ಗಾಡಿ ಮಾರಿಬಿಡುವುದೆಂದು ನಿರ್ಧರಿಸಿ, ಕಳೆದ ವಾರ ಅದರೊಳಗಿನ ಸಾಮಾನನ್ನೆಲ್ಲ ತೆಗೆದು ಅಂಗಳಕ್ಕೆ ಹಾಕುತ್ತಿದ್ದೆ. ಒಲೆಯ ಕೆಳಗಿನ ಖಾನೆಯಲ್ಲಿ ಒಂದು ಹಸಿರು ಚೌಕಳಿ ಅರಿವೆ ಸಿಕ್ಕಿತು. ಬಿಚ್ಚಿ ಕೊಡವಿದಾಗ ಅಂಚಿನ ಹೊಲಿಗೆಯಿಂದ ನಾಲ್ಕು ಎಳ್ಳು ಅಂಗೈಗೆ ಉದುರಿದವು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅದು ಹಿರೇವಡ್ಡಟ್ಟಿಯ ವೈನಿಯ ಅರಿವೆ...

ವೈನಿ ಅಂದರೆ ನನ್ನ ಗೆಳೆಯನ ಹೆಂಡತಿ. ನಾನೂ ಅವನೂ ಮುಂಡರಗಿಯ ಒಂದೇ ಕಚೇರಿಯಲ್ಲಿ ಇಪ್ಪತ್ತು ವರ್ಷ ಎದುರುಬದುರು ಕೂತು ಕೆಲಸ ಮಾಡಿದವರು. ನಾನು ಬೆಟಗೇರಿಯ ನೇಕಾರರ ಮನೆಯವನು, ನಮ್ಮಲ್ಲಿ ಮಾಂಸ ಮುಟ್ಟುವುದಿಲ್ಲ. ಅವನು ಮುಸಲ್ಮಾನ. ಹೋಟೆಲಿನಲ್ಲಿ ಒಂದೇ ಕಪ್ಪಿನ ಚಹಾವನ್ನು ಬಸಿಗೆ ಹಾಕಿ ಹಂಚಿಕೊಳ್ಳುವುದಕ್ಕೆ ಇದಾವುದೂ ಅಡ್ಡ ಬರುತ್ತಿರಲಿಲ್ಲ. ನಾನು ಬಹಳ ಸುಧಾರಿಸಿದ ಮನುಷ್ಯನೆಂದು ನನ್ನ ಬಗ್ಗೆ ನನಗೇ ಹೆಮ್ಮೆಯಿತ್ತು.

ನಿವೃತ್ತಿಯಾದ ಮೇಲೆ ನಮಗೆ ಗಂಡ ಹೆಂಡತಿ ಇಬ್ಬರಿಗೂ ಒಂದು ಹುಚ್ಚು ಹತ್ತಿತು. ಹಳೆಯ ಶಾಲಾ ವ್ಯಾನೊಂದನ್ನು ಕೊಂಡು, ಗದಗಿನ ಬಡಿಗರ ಕೈಯಿಂದ ಮಲಗಲು ಎರಡು ಹಲಗೆ, ಒಲೆ ಇಡುವ ಕಟ್ಟೆ, ನೀರಿನ ಟಾಕಿ ಕೂಡಿಸಿಕೊಂಡೆವು. ದೀಪಾವಳಿ ಮುಗಿಯಿತೆಂದರೆ ಮನೆಗೆ ಬೀಗ. ಶಿವರಾತ್ರಿಯವರೆಗೆ ಗಾಡಿಯಲ್ಲೇ ಸಂಸಾರ. ಓಣಿಯವರು ನಮ್ಮನ್ನು “ಗಾಡಿಮನಿಯವರು” ಎಂದು ಚೇಷ್ಟೆ ಮಾಡುತ್ತಿದ್ದರು. ಚಳಿಗಾಲದ ತುಂಬ ಗೆಳೆಯರ ಊರುಗಳು. ಲಕ್ಷ್ಮೇಶ್ವರದ ಗೆಳೆಯನ ಹಿತ್ತಲಲ್ಲಿ ಒಂದು ವಾರ, ಶಿರಹಟ್ಟಿಯಲ್ಲಿ ಒಂದು ವಾರ. ಅಲ್ಲೆಲ್ಲ ನಮ್ಮ ಒಲೆ ಹೊತ್ತುತ್ತಲೇ ಇರಲಿಲ್ಲ. ಕರೆಯುವ ಮೊದಲೇ ಪಡಸಾಲೆಯಲ್ಲಿ ತಾಟಿನ ಮುಂದೆ ಕೂತಿರುತ್ತಿದ್ದೆವು. ಎಳ್ಳಮವಾಸ್ಯೆಗೆ ಮಾತ್ರ ಹಿರೇವಡ್ಡಟ್ಟಿ. ಕಚೇರಿಯ ಗೆಳೆಯನ ಮನೆ ಇದ್ದದ್ದೇ ಅವನ ಹೊಲದಲ್ಲಿ. ಅಲ್ಲಿ ಗಾಡಿ ನಿಂತ ಕೂಡಲೇ ನಮ್ಮ ಒಲೆ ಹೊತ್ತುತ್ತಿತ್ತು.

“ಒಳಗ ಬರ್ರಿ ಅಣ್ಣಾರ, ರೊಟ್ಟಿ ಬಿಸಿ ಅದಾವು,” ಎಂದು ವೈನಿ ಕರೆಯುತ್ತಿದ್ದರು.

“ಗಾಡಿಯಾಗ ಅಡಗಿ ಆಗೇತ್ರಿ ವೈನಿ, ಸುಮ್ನ ಕೆಡತೈತಿ,” ಎನ್ನುತ್ತಿದ್ದೆ ನಾನು.

ಹೆಂಡತಿಯ ನೇಮ ಹೀಗೆ, ನಾನೇನು ಮಾಡಲಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಶುದ್ಧ ಸುಳ್ಳು. “ಹೋಗೂಣಲ್ರಿ, ಪಾಪ, ಅಷ್ಟ ಕರೀತಾರ,” ಎಂದು ಅವಳೇ ಒಂದು ಸಲ ಎದ್ದು ನಿಂತಿದ್ದಳು. ಬೇಡವೆಂದು ಕೂಡಿಸಿದವನು ನಾನು. ಆ ಮನೆಯ ರೊಟ್ಟಿ ಹಂಚು, ಆ ಮನೆಯ ಪಾತ್ರೆ... ಅವುಗಳಲ್ಲಿ ಏನೇನು ಬೆಂದಿರುತ್ತದೋ ಎಂದು ನನಗೆ ಹೇಸಿಕೆ.

ಎಳ್ಳಮವಾಸ್ಯೆಯ ದಿನ ನಮ್ಮ ಕಡೆ ಹೊಲ ಇದ್ದವರೆಲ್ಲ, ಯಾವ ಜಾತಿಯವರೇ ಇರಲಿ, ಹೊಲಕ್ಕೆ ಬುತ್ತಿ ಒಯ್ದು ಮೊದಲ ತುತ್ತುಗಳನ್ನು ಭೂಮಿತಾಯಿಗೆ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಆಮೇಲೆ ಎಲ್ಲರೂ ಕೂಡಿ ಊಟ. ಮೂರನೆಯ ವರ್ಷ, ನಾವು ಪಂಕ್ತಿಗೆ ಬರುವವರಲ್ಲವೆಂದು ಗೊತ್ತಾಗಿ, ವೈನಿ ನಮ್ಮ ಪಾಲಿನ ಬುತ್ತಿಯನ್ನು ಗಾಡಿಗೇ ತಂದುಕೊಟ್ಟರು. ಹಸಿರು ಚೌಕಳಿ ಅರಿವೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಆ ವಾಸನೆಗೆ ಬಾಯಲ್ಲಿ ನೀರು ಬಂದದ್ದು ಖರೆ. ಆದರೂ ನಾನು ಗಂಟು ಎತ್ತಿಕೊಂಡು ಗಾಡಿಯ ಹಿಂದಿನ ಕಡಲೆ ಹೊಲಕ್ಕೆ ಹೋಗಿ ಎಲ್ಲವನ್ನೂ ಚೆಲ್ಲಿ ಬಂದೆ. ಚರಗ ಚೆಲ್ಲಿದರೆ ಅನ್ನ ಹಾಳು ಮಾಡಿದಂತಾಗುವುದಿಲ್ಲವೆಂದು ನನ್ನ ಲೆಕ್ಕ. ಹೆಂಡತಿಗೂ ಹಾಗೆಯೇ ಹೇಳಿದೆ. ಅವಳು ಮುಖ ತಿರುಗಿಸಿದಳು.

ಇಳಿಹೊತ್ತಿನಲ್ಲಿ ವೈನಿ ಕಡಲೆ ಸೊಪ್ಪು ಚಿವುಟಿಕೊಂಡು ಗಾಡಿಯ ಕಡೆ ಬಂದರು. ನನ್ನ ಬಾಯಿ ಸುಮ್ಮನಿರಬೇಕಲ್ಲ.

“ರೊಟ್ಟಿ ಭಾಳ ಛಲೋ ಇದ್ವು ವೈನಿ,” ಎಂದೆ.

ಎಂದ ಮೇಲೆ ಅವರ ಉಡಿಯತ್ತ ಕಣ್ಣು ಹೋಯಿತು. ಸೊಪ್ಪಿನ ಮೇಲೆ ಮಣ್ಣು ಮೆತ್ತಿದ ರೊಟ್ಟಿಗಳಿದ್ದವು. ಚರಗಕ್ಕೆ ಚೂರು ಮುರಿದು ಚೆಲ್ಲುವುದು ವಾಡಿಕೆ. ನಾನು ಇಡಿಯಾಗಿ ಎಸೆದಿದ್ದೆ. ವೈನಿ ಸೆರಗನ್ನು ಅದರ ಮೇಲೆ ಎಳೆದುಕೊಂಡರು.

“ಹೌದ್ರಿ? ಛಲೋ ಆತು ಬಿಡ್ರಿ ಅಣ್ಣಾರ,” ಎಂದು ಮನೆಯ ಕಡೆ ನಡೆದರು.

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅರಿವೆಯನ್ನು ತಿರುಗಿ ಕೊಡುವುದಕ್ಕೆ ನನಗೆ ಮುಖವೇ ಉಳಿಯಲಿಲ್ಲ.

ಮರುವರ್ಷ ಹೋಗಬಾರದೆಂದೇ ಇದ್ದೆ. ಗೆಳೆಯ ಫೋನಿನ ಮೇಲೆ ಫೋನು ಮಾಡಿದ, ಹೋದೆವು. ಆ ಸಲ ವೈನಿ ಒಳಗೆ ಕರೆಯಲಿಲ್ಲ. ಒಂದು ಬುಟ್ಟಿ ತಂದು ಗಾಡಿಯ ಮೆಟ್ಟಿಲ ಮೇಲೆ ಇಟ್ಟರು. ಸಜ್ಜೆ ಹಿಟ್ಟು, ಎಳ್ಳು, ಬದನೆಕಾಯಿ, ಬೆಲ್ಲ. ಎಲ್ಲವೂ ಹಸಿಯದು, ಮನೆಗೆ ಬಂದರೂ ಉಣ್ಣದ ಅಯ್ಯನವರಿಗೆ ಪಡಿ ಕೊಟ್ಟ ಹಾಗೆ. ಅವುಗಳ ಜೊತೆ ಒಂದು ಕಬ್ಬಿಣದ ಹಂಚು.

“ನಿಮ್ಮ ಕೈಲೆ ಮಾಡ್ಕೋರಿ. ಈ ಹಂಚ ನೀವು ಮೊದಲ್ನೇ ಸಲ ಬಂದಾಗ ನಿಮಗಂತನ ತಗೊಂಡಿದ್ದೆ. ನಿಮ್ಮ ರೊಟ್ಟಿ ಬಿಟ್ಟು ಇದರ ಮ್ಯಾಲೆ ಬ್ಯಾರೆ ಏನೂ ಬೇಯ್ಸಿಲ್ರಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನಾನು ಹಗುರಾಗುತ್ತಿದ್ದೆನೇನೋ. ತಪ್ಪಾಯಿತೆನ್ನಲು ಬಾಯಿ ತೆರೆದೆ, ಹೊರಬಿದ್ದ ಮಾತು “ಯಾಕ ತ್ರಾಸ ತಗೊಂಡ್ರಿ ವೈನಿ” ಎಂದಷ್ಟೇ. ಇನ್ನೊಂದು ವರ್ಷ ಹೇಳಿದರಾಯಿತು ಎಂದುಕೊಂಡೆ.

ಆ ಇನ್ನೊಂದು ವರ್ಷ ಬರಲಿಲ್ಲ. ದಸರೆಯ ಹೊತ್ತಿಗೆ ವೈನಿ ಹೋದರೆಂದು ಖಬರು ಬಂತು. ಎರಡೇ ದಿನದ ಜ್ವರ... ಗಾಡಿ ತೆಗೆದುಕೊಂಡು ಹಿರೇವಡ್ಡಟ್ಟಿಗೆ ಹೋದೆವು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಬಂದವರೇ ಬುತ್ತಿ ತರಬೇಕು. ಹೆಂಡತಿ ಗಾಡಿಯೊಳಗೆ ಅದೇ ಹಂಚಿನ ಮೇಲೆ ರೊಟ್ಟಿ ಬಡಿದಳು. ಗೆಳೆಯನ ಮುಂದೆ ತಾಟು ಇಟ್ಟೆವು. ಯಾರು ಮಾಡಿದ್ದು, ಯಾವ ಪಾತ್ರೆಯಲ್ಲಿ ಮಾಡಿದ್ದು ಎಂದು ಅವನು ಕೇಳಲಿಲ್ಲ. ಮುರಿದು ತಿನ್ನತೊಡಗಿದ.

“ನೀನೂ ಕುಂಡ್ರಲೇ, ಕೂಡಿ ಉಣ್ಣೂಣು,” ಎಂದ.

ಕೂತೆ. ಇಷ್ಟು ವರ್ಷಗಳಲ್ಲಿ ಆ ಮನೆಯೊಳಗೆ ನಾನು ಉಂಡ ಮೊದಲ ಊಟ ಅದು. ಅದೂ ನಮ್ಮದೇ ರೊಟ್ಟಿ.

“ಆಕಿ ರೊಟ್ಟಿ ಭಾಳ ಛಲೋ ಇದ್ವು ಅಂತ ನೀ ಅಂದಿದ್ದೆಲ್ಲಾ,” ಎಂದ ಅವನು ಸ್ವಲ್ಪ ಹೊತ್ತಿನ ಮೇಲೆ. “ಅಣ್ಣಾರು ಒಂದೂ ಬಿಡದ ತಿಂದಾರ ಅಂತ ನನ್ನ ಮುಂದ ಹೇಳಿ ನಕ್ಕಿದ್ಲು.”

ನಾನು ಇನ್ನೊಂದು ತುತ್ತು ಮುರಿದೆ. ಅಂದೂ ನಾನು ಖರೆ ಹೇಳಲಿಲ್ಲ. ಹೇಳಿದ್ದರೆ ಅವನ ಪಾಲಿಗೆ ನಮ್ಮ ದೋಸ್ತಿಯ ಜೊತೆ ವೈನಿಯ ಮಾತೂ ಸುಳ್ಳಾಗುತ್ತಿತ್ತು.

ಅಂಗಳದಲ್ಲಿ ನಿಂತು ಅಂಗೈಯ ನಾಲ್ಕು ಎಳ್ಳನ್ನು ಬಾಯಿಗೆ ಹಾಕಿಕೊಂಡೆ. ಹಳತಾಗಿ ಕಮಟು ಹಿಡಿದಿದ್ದವು.

“ಒಗೀಲೇನ್ರಿ ಅದನ್ನ?” ಎಂದು ಹೆಂಡತಿ ಅರಿವೆಗೆ ಕೈಚಾಚಿದಳು.

ಬೇಡವೆಂದು ತಲೆಯಾಡಿಸಿದೆ. ವೈನಿಯ ಕೈಯದೆಂದು ನಾನು ತಿಂದದ್ದು ಅಷ್ಟೇ, ಆ ನಾಲ್ಕು ಎಳ್ಳು.