ಕೆಂಪು ಬಾಳೆಯ ಪುಟದ ತಲೆಬರಹ

ನನ್ನ ಅಕ್ಕನ ಮಾವನವರ ಹಠ ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನಾನು ಬಹಳ ನೋಡಿದ್ದೇನೆ. ಇವರು ಆ ಮೊಲವನ್ನು ನಮ್ಮ ಕೈಯಿಂದಲೇ ಹಿಡಿಸಿ, ಕಾಲನ್ನೂ ನಮ್ಮಿಂದಲೇ ಎಣಿಸುವವರು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನಾನು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಕೇಳಿದವರಿಗೆ ವೆಬ್‌ಸೈಟ್ ಕೂಡ ಮಾಡಿಕೊಡುತ್ತಿದ್ದೆ. ಅಕ್ಕನನ್ನು ಕೊಟ್ಟದ್ದು ಕಮಲಾಪುರಕ್ಕೆ. ಅವರದು ಕೆಂಪು ಬಾಳೆಯ ತೋಟ, ಅದನ್ನು ನೋಡಿಕೊಳ್ಳುತ್ತಿದ್ದವಳು ಅಕ್ಕ. ಹಣ್ಣು ನೋಡಿದವರೆಲ್ಲ ಹೊಗಳುತ್ತಿದ್ದರು. ಮಾರ್ಕೆಟ್ಟಿನ ದಲಾಲಿ ಮಾತ್ರ, "ಕೆಂಪಿದ್ರೇನು, ಹಸರಿದ್ರೇನು, ಬಾಳಿಹಣ್ಣು ಬಾಳಿಹಣ್ಣೇ ಅಲ್ಲೇನ್ರಿ" ಎಂದು ಮಾಮೂಲಿ ದರಕ್ಕೇ ಎತ್ತಿಕೊಂಡು ಹೋಗುತ್ತಿದ್ದ. ಒಂದು ದಿನ ಮಾವನವರು, ಈ ಫಸಲಿಗೆ ಹೊರಗಿನ ಗಿರಾಕಿ ಬರದಿದ್ದರೆ ತೋಟ ಕಿತ್ತು ತೊಗರಿ ಬಿತ್ತುವುದಾಗಿ ಹೇಳಿಬಿಟ್ಟರು.

ಅಕ್ಕ ನನಗೆ ಫೋನ್ ಮಾಡಿದಳು. "ನಿನ್ನ ಕಂಪ್ಯೂಟರ್‌ದಾಗ ನಮ್ಮ ಹಣ್ಣು ಹಾಕು. ಈ ತ್ವಾಟ ಹೋತಂದ್ರ ನಾ ಈ ಮನ್ಯಾಗ ಬರೇ ರೊಟ್ಟಿ ಬಡ್ಯಾಕಿ ಆಗ್ತೀನಿ."

ಹಾಕಿದೆ. ಫೋಟೋ, ತೋಟದ ವಿವರ, ಅಕ್ಕನ ಮೊಬೈಲ್ ನಂಬರು ಎಲ್ಲ ಹಾಕಿ, ಪುಟದ ತಲೆಬರಹಕ್ಕೆ 'ಕಮಲಾಪುರ ರೆಡ್ ಬನಾನಾ' ಎಂದು ಇಂಗ್ಲಿಷಿನಲ್ಲಿ ಬರೆದೆ. ದೂರದ ಗಿರಾಕಿ ಹುಡುಕುವುದು ಆ ಮಾತುಗಳನ್ನೇ. ಅವು ತಲೆಬರಹದಲ್ಲಿದ್ದರೆ ಹುಡುಕಿದಾಗ ಬರುವ ಪಟ್ಟಿಯಲ್ಲಿ ನಮ್ಮ ಪುಟ ಮೇಲೆ ಬರುವ ಆಸೆ ಇರುತ್ತದೆ, ಇಲ್ಲದಿದ್ದರೆ ಎಲ್ಲೋ ಕೆಳಗೆ ಬಿದ್ದಿರುತ್ತದೆ.

ಮಾವನವರು ಕ್ಲಾಸಿಗೆ ಬಂದು ಕನ್ನಡಕ ಏರಿಸಿ ನೋಡಿದರು. "ಮ್ಯಾಲ ದೇವ್ರ ಹೆಸರಿಲ್ಲಲ್ಲವ್ವ?"

ಅವರ ಮನೆಯ ಕಿರಾಣಿ ಚೀಟಿಯ ಮೇಲೂ 'ಶ್ರೀ ಗುರು ಪ್ರಸನ್ನ' ಇರುತ್ತಿತ್ತು. ನಾಲ್ಕು ಜನ ಓದುವಂಥದ್ದಾದರೆ ದೇವರಾದ ಮೇಲೆ ಲಿಂಗೈಕ್ಯರಾದ ಅವರ ತಂದೆಯ ಹೆಸರು, ಆಮೇಲೆ ಅವರದು, ಆಮೇಲೆ ಗಂಡುಮಕ್ಕಳದು, ವಯಸ್ಸಿನ ಪ್ರಕಾರ. ಲಗ್ನಪತ್ರಿಕೆಗೆ ಸರಿ. ಇದಕ್ಕೂ ಹಾಗೇ ಆಗಬೇಕಂತೆ. ಹಣ್ಣಿನ ಹೆಸರು ಎಲ್ಲರ ಕೊನೆಗೆ.

"ಕಾಕಾರ, ಪುಟದ ಒಳಗ ದೇವ್ರ ಫೋಟೋನೇ ಹಾಕ್ತೀನ್ರಿ, ದೊಡ್ಡದು. ತಲೆಬರಹ ಅಂದ್ರ ಅಂಗಡಿ ಬೋರ್ಡ್ ಇದ್ದಂಗ್ರಿ."

"ಬೋರ್ಡಿನ ಮ್ಯಾಲೂ ಮೊದ್ಲ ದೇವ್ರೇ ಇರ್ತಾನವ್ವ. ಹೊರಗ ಹೋಗಿ ನೋಡು."

ಹೊರಗೆ ಹೋಗಿ ನೋಡುವುದೇನು, ನನ್ನ ಕ್ಲಾಸಿನ ಬೋರ್ಡಿನ ಮೇಲೇ ಇತ್ತು. ನಮ್ಮಪ್ಪ ಬರೆಸಿದ್ದು. ಬಾಯಿ ಮುಚ್ಚಿಕೊಂಡು ಅವರು ಹೇಳಿದ ಹಾಗೆ ತಿದ್ದಿದೆ.

ತಿಂಗಳಾಯಿತು. ಒಂದು ಫೋನೂ ಬರಲಿಲ್ಲ. ಮಾವನವರನ್ನೂ ಅಕ್ಕನನ್ನೂ ಕರೆಸಿ, ಅವರೆದುರೇ ರೆಡ್ ಬನಾನಾ ಎಂದು ಹುಡುಕಿ ತೋರಿಸಿದೆ. ಪುಟದ ಮೇಲೆ ಪುಟ ತಿರುವಿದರೂ ನಮ್ಮದಿಲ್ಲ. ಅವರಿಗೆ ಬೇಸರವೇನೂ ಆಗಲಿಲ್ಲ. "ನನ್ನ ಹೆಸರು ಹೊಡಿ," ಎಂದರು. ಹೊಡೆದೆ. ಎಲ್ಲಕ್ಕಿಂತ ಮೇಲೆ ಅವರೇ ಬಂದರು. ಮುಖ ಅರಳಿತು, ಕ್ಲಾಸಿನ ಹುಡುಗರಿಗೆಲ್ಲ ಚಹಾ ಹೇಳಿದರು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಅಕ್ಕ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದಳು: "ಮಾವಾರ, ನಿಮ್ಮ ಹೆಸರು ಗೊತ್ತಿದ್ದವ್ರು ಸೀದಾ ಮನಿಗೇ ಬರ್ತಾರ್ರಿ. ಗೊತ್ತಿಲ್ಲದವ್ರು ಏನಂತ ಹುಡುಕಬೇಕ್ರಿ?"

ಅವರು ಚಹಾ ಕುಡಿದು ಮುಗಿಸಿದರು. ಆಮೇಲೆ, "ಅಪ್ಪನ ಹೆಸರಿನ ಮ್ಯಾಲ ಹಣ್ಣಿನ ಹೆಸರು ಇಡ್ಲಿಕ್ಕ ನನ್ನ ಕೈಲೆ ಆಗಂಗಿಲ್ಲವ್ವ," ಎಂದು ಎದ್ದರು. ಆ ತೋಟ ಅವರ ತಂದೆಯೇ ಹಚ್ಚಿ ಬೆಳೆಸಿದ್ದು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟು ಇಳಿಯಲಿಲ್ಲ. ಆ ತಂದೆಯ ತೋಟ ಉಳಿಯಲಿ ಅಂತಲೇ ಅಲ್ಲವೇ ನಾವು ಇಷ್ಟು ಒದ್ದಾಡುತ್ತಿದ್ದದ್ದು?

ಕೊನೆಯ ಗೊನೆಯೂ ದಲಾಲಿಯ ಗಾಡಿ ಹತ್ತಿತು. ಮಾವನವರು ಆಡಿದ ಮಾತಿಗೆ ತಪ್ಪುವವರಲ್ಲ; ತೋಟ ಕೀಳಿಸಿದರು. ಅಕ್ಕ ಆ ದಿನ ಹೊಲದ ಕಡೆ ಹೋಗಲೇ ಇಲ್ಲವಂತೆ.

ಸ್ವಲ್ಪ ದಿನ ಬಿಟ್ಟು ಮಾವನವರೇ ಫೋನ್ ಮಾಡಿದರು. "ತ್ವಾಟನೇ ಇಲ್ಲಂದ ಮ್ಯಾಲ ಅಲ್ಲಿ ದೇವ್ರ ಹೆಸರು, ಅಪ್ಪನ ಹೆಸರು ಇರೂದು ಸರಿ ಅಲ್ಲವ್ವ. ಸುಳ್ಳಾಗ್ತದ. ತಗದುಬಿಡು."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ. ಸಿಟ್ಟಿನಲ್ಲಿ ಅವರು ಹೇಳಿದ್ದಷ್ಟನ್ನೇ ತೆಗೆದೆ. ದೇವರನ್ನು ತೆಗೆದೆ, ಹಿರಿಯರನ್ನು ತೆಗೆದೆ, ಗಂಡುಮಕ್ಕಳನ್ನೆಲ್ಲ ತೆಗೆದೆ. ತಲೆಬರಹದಲ್ಲಿ ಊರು ಮತ್ತು ಹಣ್ಣು ಉಳಿದವು. ಪುಟವನ್ನು ಹಾಗೇ ಬಿಟ್ಟು ಮರೆತೆ.

ಮಳೆಗಾಲದಲ್ಲಿ ಅಕ್ಕನ ಫೋನ್ ಬಂತು. ಹೈದರಾಬಾದಿನ ಹಣ್ಣಿನ ವ್ಯಾಪಾರಿಯೊಬ್ಬರು ಕಂಪ್ಯೂಟರಿನಲ್ಲಿ ನೋಡಿ ಅವಳಿಗೆ ಫೋನ್ ಮಾಡಿದ್ದರಂತೆ. ಹಣ್ಣು ಎಷ್ಟಿದ್ದರೂ ಬೇಕು, ಗಾಡಿ ನಾವೇ ಕಳಿಸುತ್ತೇವೆ ಎಂದರಂತೆ.

"ನೀ ಏನಂದಿ?" ಎಂದು ಕೇಳಿದೆ.

ಆ ಕಡೆ ರೊಟ್ಟಿ ಬಡಿಯುವ ಸದ್ದು ಸ್ವಲ್ಪ ನಿಂತಿತು.

"ತೊಗರಿ ಬೇಕೇನ್ರಿ ಅಂತ ಕೇಳಿದೆ," ಎಂದಳು.